ಸೋತವರಿಗಾಗಿ ಬರೆದ ಪುಸ್ತಕ

2024ರ ಡಿಸೆಂಬರ್ 3ರ ರಾತ್ರಿ ಹತ್ತೂವರೆಯ ಹೊತ್ತಿಗೆ ದಕ್ಷಿಣ ಕೊರಿಯಾದ ಅಧ್ಯಕ್ಷ ಯೂನ್ ಸುಕ್ ಯೋಲ್ ಟಿ.ವಿ. ಪರದೆಯ ಮೇಲೆ ಬಂದು, ದೇಶದಲ್ಲಿ ಸೇನಾಡಳಿತ ಹೇರಿದ್ದೇನೆ ಎಂದು ಘೋಷಿಸಿದರು. ತುಸು ಹೊತ್ತಿನಲ್ಲೇ ಸೇನೆಯ ಆದೇಶವೂ ಹೊರಬಿತ್ತು. ಸಂಸತ್ತಿನ ಚಟುವಟಿಕೆ, ಪಕ್ಷಗಳ ಚಟುವಟಿಕೆ, ಮೆರವಣಿಗೆ ಎಲ್ಲವೂ ಬಂದ್. ಮಾಧ್ಯಮಗಳು ಸೇನೆಯ ಹತೋಟಿಗೆ. ಸೋಲ್‌ನ ಸಂಸತ್ ಭವನದ ಆವರಣಕ್ಕೆ ಹೆಲಿಕಾಪ್ಟರ್‌ಗಳು ಬಂದಿಳಿದವು, ಗೇಟುಗಳಲ್ಲಿ ಪೊಲೀಸರು ಅಡ್ಡ ನಿಂತರು. ಆಗ 67 ವರ್ಷದ ಸ್ಪೀಕರ್ ವೂ ವೊನ್ ಶಿಕ್ ಕಾಂಪೌಂಡಿನ ಬೇಲಿ ಹತ್ತಿ ಒಳಕ್ಕೆ ಇಳಿದರು. ವಿರೋಧ ಪಕ್ಷದ ನಾಯಕ ಲೀ ಜೇ ಮ್ಯುಂಗ್ ಕೈಯಲ್ಲಿ ಮೊಬೈಲ್ ಹಿಡಿದು ನೇರಪ್ರಸಾರ ಮಾಡುತ್ತಲೇ ಬೇಲಿ ದಾಟಿದರು.

ಅಂಥ ರಾತ್ರಿಯಲ್ಲಿ ಜೀವ ಉಳಿಸಿಕೊಳ್ಳಲು ಊರು ಬಿಟ್ಟು ಓಡುವ ರಾಜಕಾರಣಿಗಳನ್ನು ಚರಿತ್ರೆ ಬೇಕಾದಷ್ಟು ಕಂಡಿದೆ. ಇವರು ಒಳಗೆ ಓಡಿದ್ದೇಕೆ? ತಾವು ಏನು ಮಾಡಬೇಕೆಂಬುದು ಅವರಿಗೆ ಖಚಿತವಾಗಿ ಗೊತ್ತಿತ್ತು. ಅವರ ಸಂವಿಧಾನದ 77ನೇ ವಿಧಿಯಲ್ಲಿ ಒಂದು ಸಾಲಿದೆ: ಸಂಸತ್ತಿನ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೇಳಿದರೆ ಅಧ್ಯಕ್ಷ ಸೇನಾಡಳಿತ ತೆರವು ಮಾಡಲೇಬೇಕು. ಒಟ್ಟು ಸ್ಥಾನ 300. ಆ ರಾತ್ರಿ ಬೇಕಾಗಿದ್ದದ್ದು 151 ಕೈಗಳು. ಒಂದು ಗಂಟೆಯ ಸುಮಾರಿಗೆ ಮತ ಹಾಕಿದಾಗ 190 ಮಂದಿ ಸೇರಿದ್ದರು, 190 ಮತಗಳೂ ಒಂದೇ ಕಡೆ ಬಿದ್ದವು. ಅವರಲ್ಲಿ ಅಧ್ಯಕ್ಷರ ಸ್ವಂತ ಪಕ್ಷದವರೂ ಇದ್ದರು. ಬೆಳಗಿನ ಜಾವ ನಾಲ್ಕೂವರೆಯ ಹೊತ್ತಿಗೆ ಸೇನಾಡಳಿತ ಮುಗಿದಿತ್ತು. ಡಿಸೆಂಬರ್ 14ರಂದು 204 ಮತಗಳಿಂದ ವಾಗ್ದಂಡನೆ, 2025ರ ಏಪ್ರಿಲ್ 4ರಂದು ಸಂವಿಧಾನ ನ್ಯಾಯಾಲಯದ ಎಂಟೂ ನ್ಯಾಯಮೂರ್ತಿಗಳ ಒಮ್ಮತದ ತೀರ್ಪಿನಿಂದ ಅಧಿಕಾರನಷ್ಟ, ಜೂನ್ 3ರಂದು ಚುನಾವಣೆ.

ಸಂವಿಧಾನದಿಂದ ಏನು ಪ್ರಯೋಜನ ಎಂದು ಯಾರಾದರೂ ಕೇಳಿದರೆ ಶಾಲೆಯ ಪಾಠದ ಉತ್ತರ ಎಲ್ಲರ ನಾಲಿಗೆಯ ತುದಿಯಲ್ಲಿದೆ: ಅದು ದೇಶದ ಅತ್ಯುನ್ನತ ಕಾನೂನು, ಹಕ್ಕುಗಳನ್ನು ಕೊಡುತ್ತದೆ, ಅಧಿಕಾರವನ್ನು ಶಾಸಕಾಂಗ ಕಾರ್ಯಾಂಗ ನ್ಯಾಯಾಂಗ ಎಂದು ಹಂಚುತ್ತದೆ. ತಪ್ಪೇನಿಲ್ಲ. ಆದರೆ ಈ ಉತ್ತರ ಓದಿದವನಿಗೆ ಸೋಲ್‌ನ ಆ ಬೇಲಿ ಅರ್ಥವಾಗುವುದಿಲ್ಲ. ನನ್ನ ಮಟ್ಟಿಗೆ ಸಂವಿಧಾನದ ಉಪಯೋಗ ಗೆದ್ದವರಿಗಿಂತ ಸೋತವರಿಗೆ ಹೆಚ್ಚು. ಗೆದ್ದವನಿಗೆ ಪೊಲೀಸು, ಖಜಾನೆ, ಬಹುಮತ ಎಲ್ಲ ಇರುತ್ತದೆ. ಪುಸ್ತಕ ಇಲ್ಲದಿದ್ದರೂ ಅವನ ಕೆಲಸ ನಡೆಯುತ್ತದೆ. ಚುನಾವಣೆಯಲ್ಲಿ ಸೋತ ಪಕ್ಷ, ಸಂಖ್ಯೆಯಲ್ಲಿ ಕಡಿಮೆಯಿರುವ ಸಮುದಾಯ, ರಾತ್ರಿ ಪೊಲೀಸರು ಎತ್ತಿಕೊಂಡು ಹೋದ ಒಬ್ಬ ಮನುಷ್ಯ, ಇವರ ಕೈಯಲ್ಲಿ ಉಳಿಯುವುದು ಆ ಪುಸ್ತಕ ಒಂದೇ.

ಅಧಿಕಾರ ಕಳೆದುಕೊಂಡರೆ ತಲೆಯನ್ನೂ ಕಳೆದುಕೊಳ್ಳಬೇಕಾಗುತ್ತದೆ ಎಂಬ ಭಯವಿರುವ ಕಡೆ ಯಾವನೂ ಕುರ್ಚಿ ಬಿಡುವುದಿಲ್ಲ. ಸಿಂಹಾಸನಕ್ಕಾಗಿ ಅಣ್ಣತಮ್ಮಂದಿರನ್ನೇ ಕೊಂದ ರಾಜವಂಶಗಳ ಕಥೆಗಳ ಹಿಂದಿರುವುದು ಬರೀ ದುರಾಸೆಯಲ್ಲ, ಆ ಭಯವೂ ಹೌದು. ಸೋತರೂ ಮನೆಗೆ ಹೋಗಿ ನಿದ್ದೆ ಮಾಡಬಹುದು, ನಾಲ್ಕು ವರ್ಷ ಬಿಟ್ಟು ಮತ್ತೆ ಸ್ಪರ್ಧಿಸಬಹುದು ಎಂಬ ನಂಬಿಕೆ ಹುಟ್ಟಿದಾಗ ಮಾತ್ರ ಅಧಿಕಾರ ಶಾಂತವಾಗಿ ಕೈ ಬದಲಿಸುತ್ತದೆ.

ಅಮೆರಿಕದಲ್ಲಿ ಇದು ಮೊದಲು ಪರೀಕ್ಷೆಗೆ ಬಂದದ್ದು 1800ರ ಚುನಾವಣೆಯಲ್ಲಿ. ಹಾಲಿ ಅಧ್ಯಕ್ಷ ಜಾನ್ ಆಡಮ್ಸ್ ಸೋತರು. ಗೆದ್ದವರು ಯಾರು ಎಂಬುದೇ ಗೋಜಲಾಯಿತು. ಒಂದೇ ಪಕ್ಷದ ಥಾಮಸ್ ಜೆಫರ್‌ಸನ್ ಮತ್ತು ಆರನ್ ಬರ್ ಇಬ್ಬರಿಗೂ ತಲಾ 73 ಎಲೆಕ್ಟೋರಲ್ ಮತ, ಅಂದರೆ ಅಧ್ಯಕ್ಷರನ್ನು ಆರಿಸುವ ಪ್ರತಿನಿಧಿಗಳ ಮತ. ಅಧ್ಯಕ್ಷ, ಉಪಾಧ್ಯಕ್ಷ ಎಂದು ಬೇರೆ ಬೇರೆಯಾಗಿ ಮತ ಹಾಕುವ ಏರ್ಪಾಡನ್ನು ಸಂವಿಧಾನ ಬರೆದವರು ಮಾಡಿರಲೇ ಇಲ್ಲ. ದೊಡ್ಡವರ ಬರವಣಿಗೆಯಲ್ಲೂ ಇಂಥ ತೂತುಗಳಿರುತ್ತವೆ. ಪ್ರತಿನಿಧಿ ಸಭೆಯಲ್ಲಿ 36 ಸುತ್ತು ಮತದಾನ ನಡೆದ ಮೇಲೆ ಜೆಫರ್‌ಸನ್ ಆಯ್ಕೆಯಾದರು. ಆಡಮ್ಸ್‌ಗೆ ಹೊಟ್ಟೆಯುರಿ ಇದ್ದೇ ಇತ್ತು. ಪ್ರಮಾಣವಚನದ ದಿನ, 1801ರ ಮಾರ್ಚ್ 4ರಂದು, ನಸುಕಿನಲ್ಲೇ ಗಾಡಿ ಹತ್ತಿ ಊರು ಬಿಟ್ಟರು, ಸಮಾರಂಭಕ್ಕೆ ನಿಲ್ಲಲಿಲ್ಲ. ಆದರೆ ಬಿಟ್ಟು ಹೋದರು. ಸಂವಿಧಾನ ಕೇಳುವುದು ಅಷ್ಟನ್ನೇ. ನಗುಮುಖ ಅದಕ್ಕೆ ಬೇಕಿಲ್ಲ. 1804ರಲ್ಲಿ 12ನೇ ತಿದ್ದುಪಡಿ ತಂದು ಆ ತೂತನ್ನು ಮುಚ್ಚಿದರು.

ಇದಕ್ಕಿಂತ ಹತ್ತಿರದ, ಹೆಚ್ಚು ಕಲಿಸುವ ಉದಾಹರಣೆ ಕೀನ್ಯಾದ್ದು. 2007ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿ ಅಧ್ಯಕ್ಷೀಯ ಚುನಾವಣೆ ನಡೆಯಿತು. ಎಣಿಕೆಯಲ್ಲಿ ಮೋಸವಾಗಿದೆ ಎಂಬ ಗಲಾಟೆಯ ನಡುವೆಯೇ ಮ್ವಾಯಿ ಕಿಬಾಕಿ ಗೆದ್ದರೆಂದು ಸಾರಿದರು, ಅದೇ ಸಂಜೆ ಅವಸರದಲ್ಲಿ ಪ್ರಮಾಣವಚನವೂ ಮುಗಿಯಿತು. ಎದುರಾಳಿ ರೈಲಾ ಒಡಿಂಗಾ ಕೋರ್ಟಿಗೆ ಹೋಗಲಿಲ್ಲ. ಆ ಕೋರ್ಟು ಗೆದ್ದವರ ಕೈಯಲ್ಲಿದೆ ಎಂಬುದು ಅವರ ಕಡೆಯವರ ದೃಢ ನಂಬಿಕೆ. ದೂರು ಕೊಡುವ ಬಾಗಿಲಿಲ್ಲದ ಸಿಟ್ಟು ಬೀದಿಗೆ ಬಂತು. ಮುಂದಿನ ವಾರಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು.

ಆ ಹೆಣಗಳ ನೆನಪಿನಲ್ಲಿ ಕೀನ್ಯಾ 2010ರಲ್ಲಿ ಹೊಸ ಸಂವಿಧಾನ ಬರೆದುಕೊಂಡಿತು. ಅದರಲ್ಲಿ ಹೊಸದೊಂದು ಸುಪ್ರೀಂ ಕೋರ್ಟ್ ಹುಟ್ಟಿತು. ಅಧ್ಯಕ್ಷೀಯ ಫಲಿತಾಂಶವನ್ನು ಪ್ರಶ್ನಿಸುವವರು 7 ದಿನದೊಳಗೆ ಅರ್ಜಿ ಹಾಕಬೇಕು, ಕೋರ್ಟು 14 ದಿನದೊಳಗೆ ತೀರ್ಪು ಕೊಡಬೇಕು ಎಂಬ ಗಡುವನ್ನು ಸಂವಿಧಾನದೊಳಗೇ ಸೇರಿಸಿದರು. ಒಣ ಲೆಕ್ಕದಂತೆ ಕಾಣುವ ಈ ದಿನಗಳ ಎಣಿಕೆಯಲ್ಲಿ ದೊಡ್ಡ ಜಾಣತನವಿದೆ. ಸಿಟ್ಟಿಗೆದ್ದ ಜನರಿಗೆ ಮೂರು ವಾರ ಕಾಯಿರಿ ಎನ್ನಬಹುದು, ಮೂರು ವರ್ಷ ಕಾಯಿರಿ ಎನ್ನಲಾಗದು. 2013ರಲ್ಲಿ ಒಡಿಂಗಾ ಮತ್ತೆ ಸೋತರು, ಈ ಸಲ ಕೋರ್ಟಿಗೆ ಹೋದರು, ಅಲ್ಲೂ ಸೋತರು, ಒಪ್ಪಿಕೊಂಡರು. 2017ರಲ್ಲಿ ಮತ್ತೊಮ್ಮೆ ಸೋತು ಮತ್ತೊಮ್ಮೆ ಕೋರ್ಟಿಗೆ ಹೋದಾಗ, ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಹಾಲಿ ಅಧ್ಯಕ್ಷ ಉಹುರು ಕೆನ್ಯಾಟಾ ಅವರ ಗೆಲುವನ್ನೇ ರದ್ದು ಮಾಡಿತು. ಆಫ್ರಿಕಾ ಖಂಡದಲ್ಲಿ ಹಾಗೆ ಆದದ್ದು ಅದೇ ಮೊದಲು. ಕೆನ್ಯಾಟಾ ನ್ಯಾಯಮೂರ್ತಿಗಳನ್ನು ಬಾಯಿಗೆ ಬಂದಂತೆ ಬೈದರು, ಆದರೆ ತೀರ್ಪಿಗೆ ತಲೆಬಾಗಿದರು. ಮರುಚುನಾವಣೆಯೇನೂ ಸುಗಮವಾಗಲಿಲ್ಲ, ಒಡಿಂಗಾ ಬಹಿಷ್ಕಾರ ಹಾಕಿದರು, ಸಾವುಗಳೂ ಆದವು. ಆದರೂ 2007ರ ನರಮೇಧ ಮರುಕಳಿಸಲಿಲ್ಲ. ಮೂರು ವರ್ಷದ ನಂತರ ಮಲಾವಿಯಲ್ಲೂ ಕೋರ್ಟು ಅಧ್ಯಕ್ಷೀಯ ಚುನಾವಣೆಯನ್ನು ರದ್ದುಗೊಳಿಸಿತು. ಅಲ್ಲಿ ಮರುಚುನಾವಣೆಯಲ್ಲಿ ವಿರೋಧ ಪಕ್ಷದ ಲಾಜರಸ್ ಚಕ್ವೇರಾ ಗೆದ್ದೇಬಿಟ್ಟರು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಸಂವಿಧಾನ ಬರೆಯುವುದೆಂದರೆ ಬೆಂಕಿ ಬೀಳುವ ಮೊದಲೇ ಬಾವಿ ತೋಡಿಡುವುದು. ಮುಂದೆ ಯಾರ ಮನೆ ಸುಡುತ್ತದೆ ಎಂದು ತೋಡುವಾಗ ಯಾರಿಗೂ ಗೊತ್ತಿರುವುದಿಲ್ಲ. ಹಾಗೆ ಗೊತ್ತಿಲ್ಲದೇ ಇರುವುದರಿಂದಲೇ ನಿಯಮ ಒಂದಿಷ್ಟು ನ್ಯಾಯವಾಗಿರುತ್ತದೆ. ನಾಳೆ ನಾನೇ ಸೋಲಬಹುದು ಎಂಬ ಅನುಮಾನ ಇದ್ದವನು ಸೋತವನಿಗೂ ಒಂದು ಬಾಗಿಲು ಬಿಟ್ಟು ಗೋಡೆ ಕಟ್ಟುತ್ತಾನೆ.

ಪಕ್ಷಗಳ ಸೋಲು ಗೆಲುವನ್ನು ಬಿಟ್ಟು ಒಬ್ಬ ಪ್ರಜೆಯ ಕಡೆಯಿಂದ ನೋಡೋಣ. ಸ್ವಿಟ್ಜರ್ಲೆಂಡಿನಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ. ಆಗ ಅದನ್ನು ಕೊಡಬೇಕೋ ಬೇಡವೋ ಎಂದು ತೀರ್ಮಾನಿಸಿದವರು ಮತ ಹಾಕುವ ಗಂಡಸರು. 1959ರಲ್ಲಿ ಅವರೇ ಬೇಡವೆಂದಿದ್ದರು. ಜನಮತಕ್ಕೆ ಇಷ್ಟು ಬೆಲೆ ಕೊಡುವ ದೇಶ ಇನ್ನೊಂದಿಲ್ಲ ಎನ್ನುತ್ತಾರೆ, ಆದರೆ ಆ 'ಜನ'ರಲ್ಲಿ ಅರ್ಧ ಜನ ಸೇರಿರಲಿಲ್ಲ. ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಪ್ರಾಂತದ ಗಂಡಸರಂತೂ 1990ರಲ್ಲೂ ಬಯಲಲ್ಲಿ ಸಭೆ ಸೇರಿ, ಕೈ ಎತ್ತಿ, ತಮ್ಮ ಪ್ರಾಂತದ ಹೆಂಗಸರಿಗೆ ಮತ ಬೇಡ ಎಂದರು. ಬಹುಮತ ಎನ್ನುವುದಾದರೆ ಅದು ಶುದ್ಧ ಬಹುಮತ. ಅದೇ ವರ್ಷದ ನವೆಂಬರ್‌ನಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ಸಂವಿಧಾನದ ಸಮಾನತೆಯ ವಿಧಿಯನ್ನು ಮುಂದಿಟ್ಟು ಆ ಕೈಗಳನ್ನೆಲ್ಲ ಇಳಿಸಿತು. ಭಾರತದ ಸಂವಿಧಾನ ಈ ಕೈ ಎತ್ತುವ ಆಟಕ್ಕೆ ಅವಕಾಶವನ್ನೇ ಕೊಡಲಿಲ್ಲ. 1951–52ರ ಮೊದಲ ಮಹಾಚುನಾವಣೆಯಲ್ಲೇ ಗಂಡು ಹೆಣ್ಣು, ಓದಿದವರು ಓದದವರು, ಉಳ್ಳವರು ಇಲ್ಲದವರು ಎಲ್ಲರಿಗೂ ಒಂದೊಂದು ಮತ.

ದಕ್ಷಿಣ ಆಫ್ರಿಕಾದ ಒಂದು ಮೊಕದ್ದಮೆಯೂ ಇಲ್ಲಿ ನೆನಪಾಗುತ್ತದೆ. ತಾಯಿಯಿಂದ ಮಗುವಿಗೆ ಎಚ್‌ಐವಿ ಹರಡದಂತೆ ತಡೆಯುವ ನೆವಿರಾಪಿನ್ ಎಂಬ ಔಷಧವನ್ನು ಅಲ್ಲಿನ ಸರ್ಕಾರ ಆಯ್ದ ಕೆಲವೇ ಪ್ರಾಯೋಗಿಕ ಕೇಂದ್ರಗಳಿಗೆ ಸೀಮಿತಗೊಳಿಸಿತ್ತು. ಔಷಧ ಕಂಪನಿ ಐದು ವರ್ಷ ಪುಕ್ಕಟೆ ಕೊಡುತ್ತೇನೆ ಎಂದಿದ್ದರೂ ಉಳಿದ ಸರ್ಕಾರಿ ಆಸ್ಪತ್ರೆಗಳ ವೈದ್ಯರು ಬರೆದುಕೊಡುವಂತಿರಲಿಲ್ಲ. ಸಂವಿಧಾನದ 27ನೇ ವಿಧಿ ಆರೋಗ್ಯ ಸೇವೆಯನ್ನು ಹಕ್ಕಾಗಿ ಹೇಳುತ್ತದೆ. ಚಳವಳಿಗಾರರು ಅದನ್ನೇ ಹಿಡಿದು ಹೋದರು. 2002ರ ಜುಲೈನಲ್ಲಿ ಸಂವಿಧಾನ ನ್ಯಾಯಾಲಯ ಆ ನಿರ್ಬಂಧವನ್ನು ಕಿತ್ತುಹಾಕಿತು. ಹೆರಿಗೆ ವಾರ್ಡಿನಲ್ಲಿ ಮಲಗಿದ್ದ ಆ ತಾಯಂದಿರಲ್ಲಿ ಸಂವಿಧಾನ ಓದಿದವರು ಎಷ್ಟು ಜನ ಇದ್ದಾರು? ಓದದವರಿಗೂ ಅದು ಮಾತ್ರೆಯ ರೂಪದಲ್ಲಿ ತಲುಪಿತು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಭಜನೆಯಾಗುತ್ತದೆ. ಸಂವಿಧಾನ ಇದ್ದೂ ಕೈಕೊಟ್ಟ ಪ್ರಸಂಗಗಳು ಸಾಲು ಸಾಲಾಗಿ ಇವೆ, ಅವುಗಳಿಂದ ತಿಳಿಯುವುದೂ ಹೆಚ್ಚು.

1936ರ ಸೋವಿಯತ್ ಸಂವಿಧಾನವನ್ನೇ ತೆಗೆದುಕೊಳ್ಳಿ. ಅದರ 125ನೇ ವಿಧಿಯಲ್ಲಿ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ, ಸಭೆ ಸೇರುವ ಸ್ವಾತಂತ್ರ್ಯ, ಮೆರವಣಿಗೆಯ ಸ್ವಾತಂತ್ರ್ಯ ಎಲ್ಲವೂ ಇತ್ತು. ಮುಂದಿನ ಎರಡೇ ವರ್ಷಗಳಲ್ಲಿ, ಅಂದರೆ 1937–38ರಲ್ಲಿ, ಅಲ್ಲಿನ ಸರ್ಕಾರಿ ದಾಖಲೆಗಳ ಪ್ರಕಾರವೇ 6.8 ಲಕ್ಷ ಜನರಿಗೆ ಗುಂಡಿಕ್ಕಲಾಯಿತು. ಆ ಸಂವಿಧಾನದ ಕರಡು ತಯಾರಿಸಿದವರಲ್ಲಿ ಮುಖ್ಯರಾದ ನಿಕೊಲಾಯ್ ಬುಖಾರಿನ್ ಕೂಡ 1938ರ ಮಾರ್ಚ್‌ನಲ್ಲಿ ಅದೇ ದಾರಿ ಹಿಡಿದರು. ತಾನೇ ಬರೆದ ಹಕ್ಕು ತನಗೇ ದಕ್ಕಲಿಲ್ಲ. ಕಾರಣ ಸರಳ. ಅಲ್ಲಿ ಪಕ್ಷ ಸೋಲುವ ಸಾಧ್ಯತೆಯೇ ಇರಲಿಲ್ಲ, ಆದ್ದರಿಂದ ಪುಸ್ತಕವನ್ನು ಜಾರಿ ಮಾಡುವ ಬೇರೊಂದು ಕೈಯೂ ಇರಲಿಲ್ಲ. ಬೇಲಿಯೇ ಎದ್ದು ಹೊಲ ಮೇಯುವಾಗ ದೂರು ಯಾರಿಗೆ ಕೊಡುವುದು?

ಜರ್ಮನಿಯ ವೈಮಾರ್ ಗಣರಾಜ್ಯದ ಕಥೆ ಇನ್ನೂ ಕಹಿ, ಏಕೆಂದರೆ 1919ರ ಆ ಸಂವಿಧಾನ ಬೂಟಾಟಿಕೆಯದ್ದಾಗಿರಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ ಬರೆದದ್ದು. ಆದರೆ 48ನೇ ವಿಧಿಯಲ್ಲಿ, ತುರ್ತು ಸಂದರ್ಭದಲ್ಲಿ ಮೂಲಭೂತ ಹಕ್ಕುಗಳನ್ನು ಅಮಾನತಿನಲ್ಲಿಡುವ ಅಧಿಕಾರವನ್ನು ಅಧ್ಯಕ್ಷರಿಗೆ ಕೊಟ್ಟಿದ್ದರು. ಸಂಸತ್ ಭವನಕ್ಕೆ ಬೆಂಕಿ ಬಿದ್ದ ಮರುದಿನ, 1933ರ ಫೆಬ್ರುವರಿ 28ರಂದು, ಆ ವಿಧಿಯಡಿಯಲ್ಲೇ ಹಕ್ಕುಗಳು ಹೋದವು. ಮಾರ್ಚ್ 23ರಂದು 444 ಮತಗಳಿಂದ ಸಂಸತ್ತು ಶಾಸನ ಮಾಡುವ ಅಧಿಕಾರವನ್ನು ಹಿಟ್ಲರನ ಸಂಪುಟಕ್ಕೆ ಒಪ್ಪಿಸಿತು. ವಿರೋಧಿಸಿದ 94 ಮತಗಳೂ ಸೋಷಿಯಲ್ ಡೆಮಾಕ್ರಟರವು, ಕಮ್ಯುನಿಸ್ಟ್ ಸದಸ್ಯರಿಗೆ ಒಳಗೆ ಬರಲೇ ಬಿಟ್ಟಿರಲಿಲ್ಲ. ಸಂವಿಧಾನವನ್ನು ವಿಧಿವತ್ತಾಗಿ ಯಾರೂ ರದ್ದು ಮಾಡಲೂ ಇಲ್ಲ. ನಾಜಿ ಆಡಳಿತದುದ್ದಕ್ಕೂ ಅದು ಕಪಾಟಿನಲ್ಲಿ ಹಾಗೇ ಇತ್ತು.

1949ರಲ್ಲಿ ಪಶ್ಚಿಮ ಜರ್ಮನಿಯವರು ಮೂಲ ಕಾನೂನು ಎಂಬ ಹೆಸರಿನಲ್ಲಿ ಹೊಸದನ್ನು ಬರೆಯುವಾಗ ಪ್ರತಿ ಗಾಯಕ್ಕೂ ಒಂದೊಂದು ವಿಧಿ ಬರೆದರು. ಮನುಷ್ಯನ ಘನತೆ ಮೊದಲನೇ ವಿಧಿಗೆ ಬಂತು. ಎಷ್ಟೇ ಬಹುಮತ ಇದ್ದರೂ ಆ ವಿಧಿಯ ತತ್ವವನ್ನು ತಿದ್ದುವಂತಿಲ್ಲ ಎಂದು 79ನೇ ವಿಧಿ ಬೀಗ ಹಾಕಿತು. ಬದಲಿ ನಾಯಕನನ್ನು ಆರಿಸದೆ ಚಾನ್ಸೆಲರ್ ಅವರನ್ನು ಅವಿಶ್ವಾಸ ಮತದಿಂದ ಇಳಿಸುವಂತಿಲ್ಲ ಎಂದು 67ನೇ ವಿಧಿ ಹೇಳಿತು. ಬೀಳಿಸಲು ಮಾತ್ರ ಒಂದಾಗಿ, ಕಟ್ಟಲು ಒಂದಾಗದ ಎರಡು ತುದಿಯ ಪಕ್ಷಗಳು ವೈಮಾರ್ ಸಂಸತ್ತನ್ನು ಹೇಗೆ ಕುಂಟು ಮಾಡಿದ್ದವು ಎಂಬುದು ಅವರಿಗೆ ಮರೆತಿರಲಿಲ್ಲ. ಆ ಹಾದಿಯಲ್ಲಿ ಇಂದಿನವರೆಗೆ ಚಾನ್ಸೆಲರ್ ಬದಲಾದದ್ದು ಒಂದೇ ಸಲ, 1982ರ ಅಕ್ಟೋಬರ್ 1ರಂದು, ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದಾಗ.

ಭಾರತದ ಸಂವಿಧಾನವೂ ಇಂಥದೊಂದು ಕತ್ತಲು ದಾಟಿದೆ. 32ನೇ ವಿಧಿ ಮೂಲಭೂತ ಹಕ್ಕಿಗೆ ಧಕ್ಕೆಯಾದವರಿಗೆ ನೇರವಾಗಿ ಸುಪ್ರೀಂ ಕೋರ್ಟ್ ಬಾಗಿಲು ತಟ್ಟುವ ಹಕ್ಕು ಕೊಡುತ್ತದೆ, ಡಾ. ಬಿ.ಆರ್. ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಇದನ್ನೇ ಸಂವಿಧಾನದ ಹೃದಯ ಮತ್ತು ಆತ್ಮ ಎಂದು ಕರೆದದ್ದು. 1975ರ ತುರ್ತು ಪರಿಸ್ಥಿತಿಯಲ್ಲಿ ಆ ಬಾಗಿಲೇ ಮುಚ್ಚಿತು. ವಿಚಾರಣೆಯಿಲ್ಲದೆ ಬಂಧಿಸಲ್ಪಟ್ಟವರು ತಮ್ಮ ಬಂಧನವನ್ನೇ ಪ್ರಶ್ನಿಸಿ ಹಾಕಿದ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಒಂಬತ್ತು ಹೈಕೋರ್ಟ್‌ಗಳು ಎತ್ತಿಹಿಡಿದಿದ್ದರೂ, 1976ರ ಏಪ್ರಿಲ್ 28ರಂದು ಎಡಿಎಂ ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 4–1ರ ಬಹುಮತದಿಂದ ಅವರಿಗೆ ಕೋರ್ಟಿಗೆ ಬರುವ ಹಕ್ಕೇ ಇಲ್ಲ ಎಂದಿತು. ವಿಚಾರಣೆಯ ವೇಳೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅಟಾರ್ನಿ ಜನರಲ್ ಅವರನ್ನು ಕೇಳಿದ್ದರು: ಪೊಲೀಸನೊಬ್ಬ ಬಂಧಿತನನ್ನು ಅಕ್ರಮವಾಗಿ ಕೊಂದರೂ ಪರಿಹಾರವಿಲ್ಲವೇ? ತಮ್ಮ ವಾದದ ಪ್ರಕಾರ ಇಲ್ಲ ಎಂಬ ಉತ್ತರ ಬಂತು. ಭಿನ್ನ ತೀರ್ಪು ಬರೆದವರು ಖನ್ನಾ ಒಬ್ಬರೇ. 1977ರ ಜನವರಿಯಲ್ಲಿ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರನ್ನು ದಾಟಿ ಕಿರಿಯರಿಗೆ ಹೋಯಿತು, ಅವರು ರಾಜೀನಾಮೆ ಕೊಟ್ಟರು.

ಪುಸ್ತಕ ಸೋತಿತು ಎನ್ನಬಹುದು. ಆದರೆ ಅದು ಗಾಯವನ್ನು ನೆನಪಿಟ್ಟುಕೊಂಡಿತು. ಅದೇ ವರ್ಷದ ಮಾರ್ಚ್‌ನಲ್ಲಿ ಚುನಾವಣೆ ನಡೆಯಿತು, ಇಂದಿರಾ ಗಾಂಧಿ ಸೋತರು, ಕುರ್ಚಿಯಿಂದ ಇಳಿದರು. 1978ರ 44ನೇ ತಿದ್ದುಪಡಿ, ತುರ್ತು ಪರಿಸ್ಥಿತಿಯಲ್ಲೂ ಆರೋಪಿಗಳಿಗೆ ರಕ್ಷಣೆ ಕೊಡುವ 20ನೇ ವಿಧಿ ಮತ್ತು ಜೀವ, ವೈಯಕ್ತಿಕ ಸ್ವಾತಂತ್ರ್ಯ ಕಾಯುವ 21ನೇ ವಿಧಿಯನ್ನು ಅಮಾನತು ಮಾಡುವಂತಿಲ್ಲ ಎಂದು ಬರೆಯಿತು. ತುರ್ತು ಪರಿಸ್ಥಿತಿ ಹೇರಲು ಕಾರಣವಾಗಿ ಹೇಳಿದ್ದ 'ಆಂತರಿಕ ಕ್ಷೋಭೆ' ಎಂಬ ಜಾಳು ಪದ ತೆಗೆದು 'ಸಶಸ್ತ್ರ ದಂಗೆ' ಎಂದು ಹಾಕಿತು, ಸಂಪುಟದ ಲಿಖಿತ ಸಲಹೆ ಬೇಕೆಂದಿತು. 2017ರ ಆಗಸ್ಟ್ 24ರಂದು ಖಾಸಗಿತನದ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಹಳೆಯ ತೀರ್ಪನ್ನು ತಪ್ಪೆಂದು ಸಾರಿ ತಳ್ಳಿಹಾಕಿತು. 1976ರ ಬಹುಮತದಲ್ಲಿ ವೈ.ವಿ. ಚಂದ್ರಚೂಡ್ ಇದ್ದರು, 2017ರಲ್ಲಿ ಅದನ್ನು ತಳ್ಳಿಹಾಕಿ ಬರೆದವರು ಅವರ ಮಗ ಡಿ.ವೈ. ಚಂದ್ರಚೂಡ್.

ಬರೆದಿಟ್ಟ ಪುಸ್ತಕವೇ ಬೇಕೇ ಎಂದು ಕೇಳುವವರಿಗೆ ಬ್ರಿಟನ್ ಸದಾ ಸಿದ್ಧ ಉತ್ತರ. ಅಲ್ಲಿ ಒಂದೇ ಸಂಪುಟದ ಸಂವಿಧಾನವಿಲ್ಲ. ಕಾಯ್ದೆ, ತೀರ್ಪು, ರೂಢಿಗಳೇ ಸಂವಿಧಾನ. 2019ರಲ್ಲಿ ಸಂಸತ್ತಿನ ಅಧಿವೇಶನವನ್ನು ಅಮಾನತಿನಲ್ಲಿಟ್ಟ ಪ್ರಧಾನಿಯ ಸಲಹೆ ಕಾನೂನುಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟಿನ 11 ನ್ಯಾಯಮೂರ್ತಿಗಳೂ ಒಮ್ಮತದಿಂದ ಹೇಳಿದರು. ಸರಿಯೇ. ಆದರೆ ಶತಮಾನಗಳ ರೂಢಿಯನ್ನು ಸಾಲ ತರಲಾಗುವುದಿಲ್ಲ. ನಿನ್ನೆ ಸ್ವತಂತ್ರವಾದ ದೇಶ, ನಿನ್ನೆ ಅಂತರ್ಯುದ್ಧ ಮುಗಿಸಿದ ದೇಶ, ಒಬ್ಬರನ್ನೊಬ್ಬರು ನಂಬದ ಜನ ಒಟ್ಟಿಗೆ ಬಾಳಬೇಕಾದ ದೇಶ ಬರೆದಿಟ್ಟುಕೊಳ್ಳದೆ ವಿಧಿಯಿಲ್ಲ.

ಇನ್ನೊಂದು ತಕರಾರು ಇದಕ್ಕಿಂತ ಗಟ್ಟಿಯಾದದ್ದು. ಸತ್ತವರು ಬರೆದದ್ದಕ್ಕೆ ಬದುಕಿರುವವರು ಏಕೆ ಕಟ್ಟುಬೀಳಬೇಕು? ಜನ ಆರಿಸದ ನ್ಯಾಯಮೂರ್ತಿಗಳು ಜನ ಆರಿಸಿದವರ ಕಾನೂನನ್ನು ಹೊಡೆದುಹಾಕುವುದು ಎಂಥ ಪ್ರಜಾಪ್ರಭುತ್ವ? ನನಗೆ ಇದಕ್ಕೆ ಪೂರ್ತಿ ತೃಪ್ತಿಯಾಗುವ ಉತ್ತರ ಸಿಕ್ಕಿಲ್ಲ. ತಿದ್ದುಪಡಿಯ ದಾರಿ ತೀರಾ ಅಗಲವಾದರೆ ಗೆದ್ದವನು ಬಂದಾಗಲೆಲ್ಲ ನಿಯಮ ತನ್ನ ಅಳತೆಗೆ ಹೊಲಿಸಿಕೊಳ್ಳುತ್ತಾನೆ. ತೀರಾ ಕಿರಿದಾದರೆ ಹಳೆಯ ಅನ್ಯಾಯ ಕಲ್ಲಾಗಿ ಕೂರುತ್ತದೆ. ಚಿಲಿ ಈ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡದ್ದನ್ನು ಈಚೆಗೆ ಜಗತ್ತು ನೋಡಿತು. ಸರ್ವಾಧಿಕಾರಿ ಪಿನೊಚೆಟ್ ಕಾಲದ 1980ರ ಸಂವಿಧಾನ ಬೇಡ, ಹೊಸದು ಬೇಕು ಎಂದು 2020ರಲ್ಲಿ ಶೇ 78ರಷ್ಟು ಮತದಾರರು ಹೇಳಿದರು. ಎಡಪಂಥೀಯರ ಕೈ ಮೇಲಾಗಿದ್ದ ಕರಡನ್ನು 2022ರಲ್ಲಿ ಸುಮಾರು ಶೇ 62 ಮಂದಿ ತಿರಸ್ಕರಿಸಿದರು. ಬಲಪಂಥೀಯರ ಕೈ ಮೇಲಾಗಿದ್ದ ಕರಡನ್ನು 2023ರಲ್ಲಿ ಸುಮಾರು ಶೇ 56 ಮಂದಿ ತಿರಸ್ಕರಿಸಿದರು. ಹಲವು ಸಲ ತಿದ್ದುಪಡಿಯಾದ ಹಳೆಯದೇ ಉಳಿಯಿತು. ಇದನ್ನು ಸೋಲು ಎನ್ನುವವರಿದ್ದಾರೆ. ಎರಡು ಸಲವೂ ತಮ್ಮ ಗೆಲುವಿನ ಅಮಲಿನಲ್ಲಿ ಬರೆದವರನ್ನು ಜನ ಗುರುತಿಸಿದರು ಎಂದೇ ನನಗೆ ಕಾಣುತ್ತದೆ.

ಮತ್ತೆ ಸೋಲ್‌ಗೆ. ಗ್ವಾಂಗ್ಜು ನಗರದಲ್ಲಿ 1980ರಲ್ಲಿ ಸೇನಾಡಳಿತದ ಹೆಸರಿನಲ್ಲಿ ಹರಿದ ರಕ್ತವನ್ನು ಕಂಡ ಪೀಳಿಗೆ ಅಲ್ಲಿ ಇನ್ನೂ ಬದುಕಿದೆ. ಈಗಿನ ಸಂವಿಧಾನ 1987ರಲ್ಲಿ ಬೀದಿಗಿಳಿದು ಅವರು ಪಡೆದದ್ದು. 2024ರ ಆ ರಾತ್ರಿ ಸಂಸತ್ತಿನ ಗೇಟಿನ ಮುಂದೆ ಸೈನಿಕರಿಗೆ ಅಡ್ಡ ನಿಂತ ಸಾಮಾನ್ಯ ಜನ ಇಲ್ಲದಿದ್ದರೆ 77ನೇ ವಿಧಿ ಕಾಗದದಲ್ಲೇ ಉಳಿಯುತ್ತಿತ್ತೇನೋ. ಆದರೆ ಆ ಜನಕ್ಕೂ ತಾವು ಯಾವುದಕ್ಕಾಗಿ, ಎಷ್ಟು ಹೊತ್ತು ಅಡ್ಡ ನಿಲ್ಲಬೇಕು ಎಂಬುದು ಗೊತ್ತಿತ್ತು: ಒಳಗೆ 151 ಜನ ಸೇರುವವರೆಗೆ.

ಈ ಪ್ರಕರಣದ ಕಡಿಮೆ ಪ್ರಚಾರ ಪಡೆದ ಭಾಗ ನಂತರದ್ದು. ಆ ಪುಸ್ತಕವನ್ನು ಬದಿಗೆ ಸರಿಸಲು ಹೊರಟಿದ್ದ ಯೂನ್ ಈಗ ತಾವೇ ಸೋತವರ ಸಾಲಿಗೆ ಬಂದಿದ್ದರು. 2025ರ ಜನವರಿಯಲ್ಲಿ ಬಂಧನವಾಯಿತು. ಸಂವಿಧಾನ ನ್ಯಾಯಾಲಯಕ್ಕೆ ಸ್ವತಃ ಬಂದು ವಾದಿಸಲು ಅವಕಾಶ ಸಿಕ್ಕಿತು, ಫೆಬ್ರುವರಿ 25ರಂದು ಕೊನೆಯ ಮಾತನ್ನೂ ಅವರು ಆಡಿದರು. ಮಾರ್ಚ್ ಆರಂಭದಲ್ಲಿ ಸೋಲ್‌ನ ಜಿಲ್ಲಾ ನ್ಯಾಯಾಲಯವೊಂದು ಕಡತ ಬಿಡಿಸಿ, ಬಂಧನದ ಅವಧಿಯನ್ನು ದಿನಗಳಲ್ಲಲ್ಲ, ಗಂಟೆಗಳಲ್ಲಿ ಎಣಿಸಬೇಕಿತ್ತು ಎಂದಿತು. ಆ ಲೆಕ್ಕದಲ್ಲಿ ಆರೋಪಪಟ್ಟಿ ಸಲ್ಲಿಸುವಷ್ಟರಲ್ಲಿ ಗಡುವು ಮೀರಿತ್ತು. ಮಾರ್ಚ್ 8ರಂದು ಅವರನ್ನು ಬಿಟ್ಟರು. ಅವರ ವಿರುದ್ಧ ಚಳಿಯಲ್ಲಿ ಮೇಣದಬತ್ತಿ, ಬಣ್ಣದ ದೀಪ ಹಿಡಿದು ನಿಂತಿದ್ದ ಜನರಿಗೆ ಎಷ್ಟು ಸಿಟ್ಟು ಬಂದಿರಬೇಡ. ಜುಲೈನಲ್ಲಿ ಮತ್ತೆ ಬಂಧಿಸಿದರು. ಆದರೆ ಮಾರ್ಚ್‌ನ ಆ ವಾರ ಅಲ್ಲಿನ ನ್ಯಾಯಾಲಯ, ಸಂಸತ್ತಿಗೆ ಸೈನಿಕರನ್ನು ಕಳಿಸಿದ ಮನುಷ್ಯನ ಬಂಧನದ ಗಂಟೆಗಳನ್ನೂ ಒಂದೊಂದಾಗಿ ಎಣಿಸಿತ್ತು.